ಪಂಪ್ ಶೆಡ್ಡಿನ ಪ್ಲಾಸ್ಟಿಕ್ ಪೆಟ್ಟಿಗೆ: ವಿ-0, ವಿ-2 ಗುರುತುಗಳನ್ನು ಓದುವ ಬಗೆ

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಪಂಪಿನ ಕಂಟ್ರೋಲರ್ ಇರುವ ಶೆಡ್ಡಿನ ನೆಲದ ಮೇಲೆ ಒಣಗಿದ ಸೋಗೆ, ಹಾಳೆ, ಅಡಿಕೆಯ ಸಿಪ್ಪೆ ಬಿದ್ದಿರುವುದು ಸಾಮಾನ್ಯ. ಅಂಥ ಜಾಗದಲ್ಲಿ ಕಂಟ್ರೋಲರ್ ಇಡಲು ಪ್ಲಾಸ್ಟಿಕ್ ಪೆಟ್ಟಿಗೆ ಆರಿಸುವವರು ಮಳೆಗಾಲವನ್ನಷ್ಟೇ ನೆನೆದು ‘ಐಪಿ 65’ ಎಂಬ ಗುರುತಿಗೆ ತೃಪ್ತರಾಗುತ್ತಾರೆ. ಅದು ಧೂಳು, ನೀರು ಒಳನುಗ್ಗದಂತೆ ತಡೆಯುವ ಗುಣದ ಗುರುತು. ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ. ಬೆಂಕಿಯ ವಿಷಯದಲ್ಲಿ ನೋಡಬೇಕಾದದ್ದು ಪ್ಲಾಸ್ಟಿಕ್ ಹೇಗೆ ಉರಿಯುತ್ತದೆಂದು ಪರೀಕ್ಷಿಸುವ ಯುಎಲ್ 94 ಎಂಬ ಮಾನದಂಡದ ಶ್ರೇಣಿ.

ಇದರಲ್ಲಿ ಎಚ್‌ಬಿ ಕೆಳಗಿನ ಶ್ರೇಣಿ. ಅಡ್ಡಲಾಗಿ ಹಿಡಿದ ಪ್ಲಾಸ್ಟಿಕ್ ಪಟ್ಟಿ ನಿಧಾನವಾಗಿ ಉರಿದರೂ ಈ ಶ್ರೇಣಿ ಸಿಗುತ್ತದೆ. ಸಾಮಾನ್ಯ ಎಬಿಎಸ್ ಎಂಬ ಪ್ಲಾಸ್ಟಿಕ್ ಹೆಚ್ಚಾಗಿ ಇಲ್ಲಿಯೇ ನಿಲ್ಲುತ್ತದೆ. ಯಾರೂ ಕಾವಲಿರದ ಶೆಡ್ಡಿಗೆ ಇದು ಸಾಲದೆಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕಿಂತ ಮೇಲಿನವು ವಿ-2, ವಿ-1, ವಿ-0 ಶ್ರೇಣಿಗಳು. ಇವುಗಳ ಪರೀಕ್ಷೆಯಲ್ಲಿ, ನೆಟ್ಟಗೆ ತೂಗುಹಾಕಿದ 125 ಮಿ.ಮೀ. ಉದ್ದದ ಪಟ್ಟಿಯ ಕೆಳತುದಿಗೆ 20 ಮಿ.ಮೀ. ಎತ್ತರದ ಜ್ವಾಲೆಯನ್ನು 10 ಸೆಕೆಂಡುಗಳಂತೆ ಎರಡು ಸಲ ಹಿಡಿದು, ಜ್ವಾಲೆ ತೆಗೆದ ಬಳಿಕ ಪಟ್ಟಿ ಎಷ್ಟು ಹೊತ್ತು ಉರಿಯುತ್ತದೆಂದು ಅಳೆಯುತ್ತಾರೆ. ವಿ-0 ಆಗಬೇಕಾದರೆ ಪ್ರತಿ ಸಲವೂ 10 ಸೆಕೆಂಡುಗಳೊಳಗೆ ಆರಬೇಕು. ವಿ-1 ಮತ್ತು ವಿ-2ಕ್ಕೆ 30 ಸೆಕೆಂಡುಗಳ ಅವಕಾಶವಿದೆ. ಈ ಎರಡರ ನಡುವಣ ವ್ಯತ್ಯಾಸ ಕಾಲದಲ್ಲಿಲ್ಲ, ತೊಟ್ಟಿಕ್ಕುವ ಹನಿಯಲ್ಲಿದೆ. ಪಟ್ಟಿಯ 300 ಮಿ.ಮೀ. ಕೆಳಗೆ ಹತ್ತಿ ಇಟ್ಟಿರುತ್ತಾರೆ. ಉರಿಯುವ ಹನಿ ಬಿದ್ದು ಹತ್ತಿ ಹೊತ್ತಿಕೊಂಡರೂ ವಿ-2 ದೊರೆಯುತ್ತದೆ, ವಿ-1 ಮತ್ತು ವಿ-0 ದೊರೆಯುವುದಿಲ್ಲ. ನಮ್ಮ ಶೆಡ್ಡಿನ ನೆಲದ ಮೇಲಿನ ಒಣ ಸಿಪ್ಪೆಯೇ ಆ ಹತ್ತಿ ಎಂದು ಭಾವಿಸಿದರೆ ಯಾವುದನ್ನು ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ. ಇನ್ನೂ ದೊಡ್ಡ ಜ್ವಾಲೆಯನ್ನು ಐದು ಸಲ ಹಿಡಿದು ನೋಡುವ 5ವಿಬಿ, 5ವಿಎ ಶ್ರೇಣಿಗಳಿವೆ. 5ವಿಎ ಪಡೆದ ಫಲಕದಲ್ಲಿ ಉರಿದು ತೂತು ಬೀಳುವಂತಿಲ್ಲ.

ಹೆಚ್ಚಿನವರು ಎಡವುವುದು ದಪ್ಪದ ವಿಷಯದಲ್ಲಿ. ಶ್ರೇಣಿ ದೊರೆಯುವುದು ಪೆಟ್ಟಿಗೆಗಲ್ಲ, ನಿರ್ದಿಷ್ಟ ದಪ್ಪದ ಪ್ಲಾಸ್ಟಿಕ್ಕಿಗೆ. ಪ್ಲಾಸ್ಟಿಕ್ಕಿನ ಶ್ರೇಣಿ ನಮೂದಿಸಿದ ದಾಖಲೆಯಲ್ಲಿ ಅತಿ ಕಡಿಮೆ ದಪ್ಪವೆಂದರೆ ‘1.5 ಮಿ.ಮೀ., ವಿ-0’ ಎಂದಿದ್ದು ಪೆಟ್ಟಿಗೆಯ ಗೋಡೆ 1 ಮಿ.ಮೀ. ಇದ್ದರೆ, ಆ ವಿ-0 ನಿಮ್ಮ ಪೆಟ್ಟಿಗೆಗೆ ಅನ್ವಯಿಸುವುದಿಲ್ಲ, ಏಕೆಂದರೆ ತೆಳುವಾದ ಭಾಗ ಬೇಗ ಕಾಯುತ್ತದೆ, ಬೇಗ ಹೊತ್ತುತ್ತದೆ. ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಹಿಡಿದು ಗೋಡೆಯನ್ನಷ್ಟೇ ಅಲ್ಲದೆ ಮುಚ್ಚಳದ ಅಂಚನ್ನೂ ಕೇಬಲ್ ತೂತಿನ ಸುತ್ತಲನ್ನೂ ಅಳೆಯಿರಿ, ಅತಿ ತೆಳುವಾದ ಅಳತೆಯನ್ನೇ ದಾಖಲೆಯೊಂದಿಗೆ ಹೋಲಿಸಿರಿ. ಬಣ್ಣವನ್ನೂ ನೋಡಿರಿ, ಕೆಲವು ಪ್ಲಾಸ್ಟಿಕ್‌ಗಳಿಗೆ ಶ್ರೇಣಿಯು ನಮೂದಿಸಿದ ಬಣ್ಣಗಳಿಗೆ ಮಾತ್ರ ಸಲ್ಲುತ್ತದೆ.

ಲೈಟರ್ ಹಿಡಿದು ತುಂಡನ್ನು ಸುಟ್ಟು ನೋಡುವ ರೂಢಿಯನ್ನು ದಯವಿಟ್ಟು ಬಿಡಿ. ಅದರಿಂದ ಶ್ರೇಣಿ ತಿಳಿಯದು, ಹೊಗೆಯಂತೂ ವಿಷಕಾರಿ. ವಿ-0 ಎಂದರೆ ಉರಿಯುವುದೇ ಇಲ್ಲವೆಂದೂ ಅರ್ಥವಲ್ಲ. ಸಡಿಲವಾದ ಟರ್ಮಿನಲ್ ಬಿಸಿಯಾಗುತ್ತಲೇ ಇದ್ದರೆ ಯಾವ ಪ್ಲಾಸ್ಟಿಕ್ಕೂ ಬಹುಕಾಲ ತಾಳದು.

ಖರೀದಿಸುವಾಗ ಪ್ಲಾಸ್ಟಿಕ್ಕಿನ ಗ್ರೇಡ್, ಶ್ರೇಣಿ, ಆ ಶ್ರೇಣಿ ದೊರೆತ ದಪ್ಪ ಈ ಮೂರನ್ನೂ ಬಿಲ್ಲಿನ ಜೊತೆ ಬರೆಸಿಕೊಳ್ಳಿರಿ. ಬರಿಯ ‘ಫೈರ್‌ಪ್ರೂಫ್’ ಎಂಬ ಚೀಟಿ ಅಂಟಿಸಿದ್ದು, ಈ ವಿವರಗಳನ್ನು ಕೊಡಲೊಪ್ಪದ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿರಿ.