ಹೀಟರ್ ಇಲ್ಲದ ಕಟ್ಟಡ: ಒಂದು ಕೋಣೆಯ ಲೆಕ್ಕ ಹಾಕಿದ ಬಗೆ

ಆಸ್ಟ್ರಿಯಾದ ಫೋರಾರ್ಲ್‌ಬರ್ಗ್ ಪ್ರಾಂತ್ಯದಲ್ಲಿ 1985ರಲ್ಲಿ ಶುರುವಾದ ಬೌಮ್‌ಶ್ಲಾಗರ್ ಎಬರ್ಲೆ ಎಂಬ ವಾಸ್ತುಶಿಲ್ಪ ಸಂಸ್ಥೆ ವಿಯೆನ್ನಾ, ಝೂರಿಕ್, ಹನೋಯ್ ತನಕ ಕಚೇರಿ ತೆರೆದು ಬೆಳೆದಿದೆ. ಅದರ ಕೆಲಸಗಳಲ್ಲಿ ನಾನು ಮತ್ತೆ ಮತ್ತೆ ಬಿಡಿಸಿ ನೋಡುವುದು ಅದೇ ಪ್ರಾಂತ್ಯದ ಲುಸ್ಟೆನೌನಲ್ಲಿ 2013ರಲ್ಲಿ ಮುಗಿದ, 2226 ಎಂಬ ಹೆಸರಿನ ಕಚೇರಿ ಕಟ್ಟಡ. ಅದರಲ್ಲಿ ಹೀಟರ್ ಇಲ್ಲ, ಎಸಿ ಇಲ್ಲ. ಆದರೂ ಒಳಗೆ 22ರಿಂದ 26 ಡಿಗ್ರಿ ಇರಬೇಕೆಂಬುದು ಗುರಿ.

ಫೋಟೊ ನೋಡಿದವರೆಲ್ಲ ಗೋಡೆಯ ಬಗ್ಗೆಯೇ ಮಾತಾಡುತ್ತಾರೆ. 38 ಸೆಂ.ಮೀ. ದಪ್ಪದ ಟೊಳ್ಳು ಇಟ್ಟಿಗೆಯ ಎರಡು ಸಾಲು, ಒಟ್ಟು 76 ಸೆಂ.ಮೀ. ಒಳಸಾಲು ಭಾರ ಹೊರುತ್ತದೆ, ಹೊರಸಾಲು ಚಳಿ ತಡೆಯುತ್ತದೆ. ಕಿಟಕಿಗಳು ಗೋಡೆಯ ಒಳಮೈಗೆ ಸರಿದು ಕೂತಿರುವುದರಿಂದ ಗೋಡೆಯ ದಪ್ಪವೇ ನೆರಳು. ಆದರೆ ಅಂಕಿ ಹಾಕಿದರೆ ಮುಖ್ಯವಾದದ್ದು ಗೋಡೆಯಲ್ಲ, ಗಾಳಿ.

ನಾನು ಲೆಕ್ಕಕ್ಕೆ ಇಟ್ಟುಕೊಂಡ ಕೋಣೆ 5×6 ಮೀ., ಎತ್ತರ 3.4 ಮೀ., ಒಳಗೆ ಇಬ್ಬರು. ಹೊರಗೆ 0, ಒಳಗೆ 22 ಡಿಗ್ರಿ. ಹೊರಗೋಡೆ 14 ಚ.ಮೀ., ಯು-ಮೌಲ್ಯ (ಒಳಹೊರಗಿನ ಒಂದು ಡಿಗ್ರಿ ಅಂತರಕ್ಕೆ ಒಂದು ಚ.ಮೀ. ಮೂಲಕ ಹೋಗುವ ವ್ಯಾಟ್) 0.15: ಡಿಗ್ರಿಗೆ 2.1 ವ್ಯಾಟ್. ಮೂರು ಪದರದ ಗಾಜು 3 ಚ.ಮೀ., 0.8ರಂತೆ 2.4. ಎರಡೂ ಸೇರಿ 22 ಡಿಗ್ರಿ ಅಂತರಕ್ಕೆ ಹೋಗುವುದು ಸುಮಾರು 100 ವ್ಯಾಟ್ ಅಷ್ಟೆ. ಗಾಳಿಗೆ ಬನ್ನಿ: ಒಬ್ಬರಿಗೆ ಗಂಟೆಗೆ 30 ಘನ ಮೀಟರ್ ಹೊಸ ಗಾಳಿ ಎಂದರೆ 60×0.34×22, ಸುಮಾರು 450 ವ್ಯಾಟ್ (ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು 0.34 ವ್ಯಾಟ್-ಗಂಟೆ ಬೇಕು). ಗೋಡೆ, ಗಾಜು ಎರಡೂ ಸೇರಿ ಕಳೆಯುವುದರ ನಾಲ್ಕೂವರೆ ಪಟ್ಟು!

ಇತ್ತ ಬರುವ ಶಾಖ: ಇಬ್ಬರ ಮೈಯಿಂದ 150, ಕಂಪ್ಯೂಟರ್‌ಗಳಿಂದ 160, ದೀಪದಿಂದ 150. ಬಿಸಿಲು ಬಿಟ್ಟೂ 460 ವ್ಯಾಟ್. ಕೊರತೆ 90. ಅದನ್ನು ತುಂಬುವುದು ಕಾಂಕ್ರೀಟ್ ಚಾವಣಿ: 20 ಸೆಂ.ಮೀ. ದಪ್ಪದ 30 ಚ.ಮೀ. ಚಪ್ಪಡಿ ಒಂದು ಡಿಗ್ರಿ ಇಳಿದರೆ ಸುಮಾರು 3.5 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬಿಟ್ಟುಕೊಡುತ್ತದೆ. ಹತ್ತು ಗಂಟೆಯ ಕೊರತೆ 0.9 ಯೂನಿಟ್, ಅಂದರೆ ಕಾಲು ಡಿಗ್ರಿ. ಮುಚ್ಚಿದ ಕೋಣೆ 14 ಗಂಟೆಯ ರಾತ್ರಿಯಲ್ಲಿ ಇಳಿಯುವುದು 0.4 ಡಿಗ್ರಿ.

ಹಾಗಾಗಿ 2226ರ ನಿಜವಾದ ಯಂತ್ರವೆಂದರೆ ಕಿಟಕಿ ಪಕ್ಕದ ಕಿರಿದಾದ ಬಾಗಿಲು. ಕಾರ್ಬನ್ ಡೈಆಕ್ಸೈಡ್ ಏರಿದಾಗ ಸೆನ್ಸರ್ ಅದನ್ನು ತೆರೆಯುತ್ತದೆ, ಸಾಕಾದಾಗ ಮುಚ್ಚುತ್ತದೆ. ಬೇಸಿಗೆಯಲ್ಲಿ ರಾತ್ರಿ ತೆರೆದು ಚಪ್ಪಡಿಯನ್ನು ತಣಿಸುತ್ತದೆ. ಚಳಿಗಾಲದಲ್ಲಿ ಯಾರೋ ಕೈಯಿಂದ ತೆರೆದು ಮರೆತರೆಂದುಕೊಳ್ಳಿ: ಗಂಟೆಗೆ 300 ಘನ ಮೀಟರ್ ಗಾಳಿ ಆಡಿದರೆ 2.2 ಕಿಲೋವ್ಯಾಟ್ ಹೊರಟುಹೋಗುತ್ತದೆ. ಇಡೀ ರಾತ್ರಿ ಗೋಡೆ, ಗಾಜು ಎರಡರಿಂದಲೂ ಹೋಗುವುದು 1.4 ಯೂನಿಟ್, ಇದು ಒಂದೇ ಗಂಟೆಯಲ್ಲಿ ಅದನ್ನು ಮೀರುತ್ತದೆ. ಫಾಲ್ಸ್ ಸೀಲಿಂಗ್ ಹಾಕಿದರಂತೂ ಚಪ್ಪಡಿ ಕೋಣೆಗೆ ಸಿಗುವುದೇ ಇಲ್ಲ, ಮೇಲಿನ ಲೆಕ್ಕ ಅಲ್ಲಿಗೆ ಮುಗಿಯಿತು.

ನಮ್ಮಲ್ಲಿ ಇದನ್ನು ಮಾಡಬಹುದೇ ಎಂದು ಕೇಳುವವರು ಇಟ್ಟಿಗೆಯಿಂದ ಶುರುಮಾಡುತ್ತಾರೆ. ಆಸ್ಟ್ರಿಯಾದ್ದೇ ಆದ ಇಟ್ಟಿಗೆ ಕಂಪನಿ ವೀನರ್‌ಬರ್ಗರ್ ಕುಣಿಗಲ್‌ನಲ್ಲಿ ಪೊರೋಥರ್ಮ್ ಎಂಬ ಟೊಳ್ಳು ಇಟ್ಟಿಗೆಯ ಕಾರ್ಖಾನೆ ಹಾಕಿತು. ಆದರೆ ಅಲ್ಲಿಂದ ಬೆಂಗಳೂರಿನ ಸೈಟ್‌ಗಳಿಗೆ ಹೆಚ್ಚಾಗಿ ಬರುವುದು ಅಡ್ಡ ರಂಧ್ರದ 20 ಸೆಂ.ಮೀ. ಬ್ಲಾಕ್, ಕಾಂಕ್ರೀಟ್ ಚೌಕಟ್ಟಿನ ನಡುವೆ ತುಂಬಲು ಸರಿ, ಅದರ ಮೇಲೆ ಮಹಡಿ ಹೊರಿಸಬಾರದು. ಬೆಂಗಳೂರಿನ ಮಟ್ಟಿಗೆ ದಪ್ಪ ಗೋಡೆಗಿಂತ ಮೊದಲು ಖರ್ಚು ಮಾಡಬೇಕಾದದ್ದು ತೆರೆದ ಚಪ್ಪಡಿಗೆ, ಕಿಟಕಿಯ ನೆರಳಿಗೆ, ರಾತ್ರಿ ತಾನಾಗಿ ತೆರೆಯುವ ಬಾಗಿಲಿಗೆ. ಮಂಗಳೂರಿನ ಸೆಕೆಯಲ್ಲಿ ರಾತ್ರಿ ಗಾಳಿಯೂ ಬೆಚ್ಚಗೆ, ತೇವ. ಅಲ್ಲಿ ಫ್ಯಾನ್ ಬೇಕೇ ಬೇಕು.