ಗುಂಡು ನಿಮ್ಮದು, ಗಾಯ ಅವರದು: ಸೈ-ಫೈ ರೋಲ್‌ಪ್ಲೇಯಲ್ಲಿ ನ್ಯಾಯವಾಗಿ ಆಡುವ ಬಗೆ

ಬರಹದಲ್ಲೇ ನಡೆಯುವ ಸೈ-ಫೈ ರೋಲ್‌ಪ್ಲೇಯಲ್ಲಿ (ಆಟಗಾರರು ತಮ್ಮ ತಮ್ಮ ಪಾತ್ರವನ್ನು ಆಡಿಸುತ್ತ, ಸರದಿಯಂತೆ ಪೋಸ್ಟ್ ಬರೆದು ವೈಜ್ಞಾನಿಕ ಕಥೆ ಕಟ್ಟುವ ಆಟದಲ್ಲಿ) ಜಗಳ ಹುಟ್ಟುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ತನ್ನ ಪಾತ್ರ ಏನು ಮಾಡಿತು ಎಂಬುದರ ಜೊತೆಗೆ ಅದರಿಂದ ಎದುರಿನವರಿಗೆ ಏನಾಯಿತು ಎಂಬುದನ್ನೂ ಒಬ್ಬರೇ ಬರೆದುಬಿಡುತ್ತಾರೆ. ಗುಂಡು ಹಾರಿಸುವುದು ನಿಮ್ಮ ಹಕ್ಕು. ಅದು ತಗುಲಿತೇ, ತಗುಲಿದರೆ ಎಷ್ಟು ನೋವಾಯಿತು ಎಂದು ಹೇಳುವುದು ಎದುರಿನ ಆಟಗಾರರ ಹಕ್ಕು. ಉಳಿದ ನಿಯಮಗಳಲ್ಲಿ ಬಹುಪಾಲು ಇದರ ಕವಲುಗಳೇ.

ಈ ಪೋಸ್ಟ್ ನೋಡಿ: “ತಾರಿಣಿ ಪ್ಲಾಸ್ಮಾ ಗನ್ ಹಾರಿಸಿದಳು. ಕ್ಯಾಪ್ಟನ್ ಓರನ್‌ನ ಭುಜ ಸುಟ್ಟುಹೋಯಿತು. ಅವನು ಚೀರುತ್ತ ಮಂಡಿಯೂರಿದ.” ಮೂರು ವಾಕ್ಯಗಳಲ್ಲಿ ಮೊದಲನೆಯದು ಮಾತ್ರ ತಾರಿಣಿಯನ್ನು ಆಡಿಸುವವರದು, ಉಳಿದೆರಡನ್ನು ಓರನ್‌ನ ಆಟಗಾರರಿಂದ ಕಿತ್ತುಕೊಂಡಂತಾಯಿತು. ಇದನ್ನೇ ಹೀಗೆ ಬರೆಯಬಹುದು: “ತಾರಿಣಿ ಅವನ ಎಡಭುಜಕ್ಕೆ ಗುರಿಯಿಟ್ಟು ಹಾರಿಸಿದಳು. ಅವನ ಬಲಕ್ಕೆ ಎರಡು ಹೆಜ್ಜೆ ದೂರದಲ್ಲಿ ಸರಕಿನ ಪೆಟ್ಟಿಗೆಗಳಿದ್ದವು. ಹಿಂದೆ ಏರ್‌ಲಾಕ್ ಬಾಗಿಲು ಇನ್ನೂ ಅರ್ಧ ತೆರೆದಿತ್ತು.” ಗುರಿ ಎಲ್ಲಿ, ತಪ್ಪಿಸಿಕೊಳ್ಳಲು ದಾರಿ ಎಲ್ಲಿ ಎಂಬುದೆರಡೂ ಇಲ್ಲಿವೆ. ಎದುರಿನವರು ಪೆಟ್ಟಿಗೆಯ ಹಿಂದೆ ಹಾರಬಹುದು, ಭುಜಕ್ಕೆ ಏಟು ತಿನ್ನಬಹುದು, ಬಾಗಿಲಾಚೆ ನುಸುಳಬಹುದು.

ಈ ಹಕ್ಕನ್ನು ದುರುಪಯೋಗ ಮಾಡಿಕೊಳ್ಳುವವರೂ ಇದ್ದಾರೆ. ಅವರ ಪಾತ್ರಕ್ಕೆ ಯಾವ ಗುಂಡೂ ತಾಗುವುದಿಲ್ಲ, ಯಾವ ವಿಷವೂ ಏರುವುದಿಲ್ಲ. ಗುಂಪು ಒಂದು ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು: ಸಮಬಲದ ಕಾದಾಟದಲ್ಲಿ ನಿಮ್ಮತ್ತ ಬಂದ ಮೂರು ದಾಳಿಗಳಲ್ಲಿ ಕನಿಷ್ಠ ಒಂದಾದರೂ ತಗುಲಲಿ. ತಗುಲಿದ್ದು ಆ ದೃಶ್ಯ ಮುಗಿಯುವವರೆಗೆ ಉಳಿಯಲಿ. ಸುಟ್ಟ ಭುಜದ ಕೈಯಲ್ಲಿ ಮುಂದಿನ ಪೋಸ್ಟಿಗೇ ಏಣಿ ಹತ್ತಿದರೆ, ಏಟು ತಿಂದಂತೆ ನಟಿಸಿದ್ದಷ್ಟೇ.

ಸೈ-ಫೈಯಲ್ಲಿ ಮೋಸ ಅಡಗಿ ಕೂರುವುದು ತಂತ್ರಜ್ಞಾನದಲ್ಲಿ. “ನನ್ನ ಹಡಗಿಗೆ ಅದೂ ಇದೆ” ಎಂದು ನಡುದಾರಿಯಲ್ಲಿ ಹೊಸ ಉಪಕರಣ ಹೊರತೆಗೆಯುವುದು ಇಲ್ಲಿ ತೀರಾ ಸುಲಭ. ಹಾಗಾಗಿ ಪಾತ್ರದ ವಿವರ ಒಪ್ಪಿಸುವಾಗಲೇ ಪ್ರತಿ ಸಾಧನಕ್ಕೂ ನಾಲ್ಕು ಸಾಲು ಬರೆಯಿರಿ: ಏನು ಮಾಡುತ್ತದೆ, ಎಷ್ಟು ದೂರ ಅಥವಾ ಎಷ್ಟು ಹೊತ್ತು, ಬಳಸಿದರೆ ಏನು ಖರ್ಚು, ಯಾವುದರಿಂದ ಸೋಲುತ್ತದೆ. ನಾಲ್ಕನೆಯ ಸಾಲು ಖಾಲಿ ಇದ್ದರೆ ಮಾಡರೇಟರ್ ಒಪ್ಪಬಾರದು. ಶೀಲ್ಡ್ ಇದೆಯೇ? ಮೂರು ಹೊಡೆತ ತಡೆಯುತ್ತದೆ, ಆಮೇಲೆ ಎರಡು ಸುತ್ತು ಚಾರ್ಜ್ ಆಗಬೇಕು, ಅದು ಎದ್ದಿರುವಾಗ ಒಳಗಿನಿಂದಲೂ ಗುಂಡು ಹಾರಿಸಲಾಗದು, ಇಷ್ಟು ಸಾಕು.

ಮಿತಿಗಳಿಗೆ ನಿಜವಾದ ವಿಜ್ಞಾನದಲ್ಲೇ ಕಾರಣ ಸಿಗುತ್ತದೆ, ಅಂಥ ಮಿತಿಯ ಮೇಲೆ ವಾದವೂ ಕಡಿಮೆ. ನಿರ್ವಾತದಲ್ಲಿ ಶಾಖವನ್ನು ಹೊತ್ತೊಯ್ಯಲು ಗಾಳಿಯಿಲ್ಲ, ಅದು ವಿಕಿರಣವಾಗಿಯೇ ಹೊರಹೋಗಬೇಕು. ಶತ್ರುವಿನ ಸೆನ್ಸರಿಗೆ ಕಾಣದಂತೆ ಶಾಖವನ್ನು ಒಳಗೇ ಹಿಡಿದಿಟ್ಟ ಹಡಗು ತನ್ನ ಸಿಬ್ಬಂದಿಯನ್ನೇ ಬೇಯಿಸತೊಡಗುತ್ತದೆ. ಕ್ಲೋಕಿಂಗ್, ಅಂದರೆ ಹಡಗನ್ನು ಹೀಗೆ ಕಾಣದಂತೆ ಮರೆಮಾಡುವುದು, ಎಷ್ಟು ಸುತ್ತು ನಡೆಯಬೇಕು ಎಂಬ ಪ್ರಶ್ನೆಗೆ ಇಲ್ಲೇ ಉತ್ತರವಿದೆ.

ಹ್ಯಾಕಿಂಗ್ ಮಾತ್ರ ಬೇರೆಯೇ ತಲೆನೋವು. “ಅವಳು ನಿಮ್ಮ ಹಡಗಿನ ಕಂಪ್ಯೂಟರ್ ವಶಪಡಿಸಿಕೊಂಡಳು” ಎಂಬ ಒಂದು ವಾಕ್ಯ ಎದುರಿನವರ ಇಡೀ ಹಡಗನ್ನೇ ನುಂಗುತ್ತದೆ. ಅದನ್ನು ಮೂರು ಪೋಸ್ಟ್‌ಗಳಾಗಿ ಒಡೆಯಿರಿ: ಒಳನುಗ್ಗುವುದು, ಬೇಕಾದ ವ್ಯವಸ್ಥೆ ಹುಡುಕುವುದು, ಅದನ್ನು ಬದಲಿಸುವುದು. ಪ್ರತಿಯೊಂದರ ನಂತರ ಹಡಗಿನವರಿಗೆ ಗಮನಿಸಿ ತಡೆಯುವ ಒಂದು ಅವಕಾಶ. ಮನಸ್ಸು ಓದುವ ಪಾತ್ರವಿದ್ದರೆ, ಆ ಕ್ಷಣ ತಲೆಯಲ್ಲಿ ಏನಿತ್ತು ಎಂದು ಆ ಪಾತ್ರದ ಒಡೆಯರನ್ನು ಖಾಸಗಿಯಾಗಿ ಕೇಳಿ ಬರೆಯಿರಿ, ನೀವೇ ಊಹಿಸಬೇಡಿ. ಆಂಡ್ರಾಯ್ಡ್ (ಮನುಷ್ಯರೂಪದ ರೋಬೋಟ್) ಸತ್ತು ಬ್ಯಾಕಪ್‌ನಿಂದ ಎದ್ದುಬರುವುದಾದರೆ, ಬ್ಯಾಕಪ್ ಯಾವ ದೃಶ್ಯದಲ್ಲಿ ಆಗಿತ್ತು ಎಂದು ಸಾಯುವ ಮೊದಲೇ ದಾಖಲಾಗಿರಬೇಕು. ಅಲ್ಲಿಂದೀಚಿನ ನೆನಪೆಲ್ಲ ಹೋಯಿತು, ಕದ್ದಾಲಿಸಿದ ಗುಟ್ಟೂ ಸೇರಿ. ಕಾಲಯಾನದಿಂದ ಬೇರೆಯವರ ಪೋಸ್ಟ್ ಅಳಿಸಲು ಯಾರಿಗೂ ಅನುಮತಿ ಇರಬಾರದು.

ಇನ್ನು ಮೆಟಾಗೇಮಿಂಗ್, ಅಂದರೆ ಆಟಗಾರರಿಗೆ ಮಾತ್ರ ಗೊತ್ತಿರುವುದನ್ನು ಪಾತ್ರಕ್ಕೂ ಗೊತ್ತಿರುವಂತೆ ಬಳಸುವುದು. ಎಲ್ಲ ದೃಶ್ಯಗಳನ್ನೂ ನೀವು ಓದಿರುತ್ತೀರಿ, ನಿಮ್ಮ ಪಾತ್ರ ಓದಿರುವುದಿಲ್ಲ. ಗೊತ್ತಿರುವ ವಿಷಯವನ್ನು ಬಳಸುವ ಮುನ್ನ ಪಾತ್ರಕ್ಕೆ ಅದು ತಿಳಿದದ್ದು ಹೇಗೆ ಎಂದು ಪೋಸ್ಟಿನಲ್ಲೇ ತೋರಿಸಿ: ಕಂಡಿತೇ, ಯಾರಾದರೂ ಹೇಳಿದರೇ, ಸೆನ್ಸರ್ ಹಿಡಿಯಿತೇ. ದೂರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಭೂಮಿಯಿಂದ ಮಂಗಳಕ್ಕೆ ರೇಡಿಯೋ ಸಂದೇಶ ತಲುಪಲು, ಗ್ರಹಗಳು ಎಲ್ಲಿವೆ ಎನ್ನುವುದರ ಮೇಲೆ, ಸುಮಾರು 3ರಿಂದ 22 ನಿಮಿಷ ಬೇಕು. ಉತ್ತರ ಬರಲು ಅಷ್ಟೇ ಹೊತ್ತು ಮತ್ತೆ. ಮಂಗಳದಲ್ಲಿರುವ ದಂಡನಾಯಕ ಭೂಕಕ್ಷೆಯ ಕದನಕ್ಕೆ ಕ್ಷಣಕ್ಷಣಕ್ಕೂ ಆಜ್ಞೆ ಕೊಡುತ್ತಿದ್ದರೆ ಯಾರೋ ಅನ್ಯಾಯವಾಗಿ ಗೆಲ್ಲುತ್ತಿದ್ದಾರೆ ಎಂದೇ ಅರ್ಥ. ನಿಮ್ಮ ಲೋಕದಲ್ಲಿ ಬೆಳಕಿಗಿಂತ ವೇಗದ ಸಂಪರ್ಕ ಇದೆಯಾದರೆ ತೊಂದರೆಯಿಲ್ಲ, ಆದರೆ ಲೋಕದ ವಿವರದಲ್ಲಿ ಅದು ಮೊದಲೇ ಬರೆದಿರಲಿ, ಎಲ್ಲ ಪಕ್ಷಗಳಿಗೂ ಸಿಗಲಿ.

ಹಡಗುಗಳ ಓಡಾಟಕ್ಕೂ ಇದೇ ಮಾತು. ಸತತ 1 ಜಿ (ಭೂಮಿಯ ಗುರುತ್ವದಷ್ಟು) ವೇಗೋತ್ಕರ್ಷದಲ್ಲಿ ಹೊರಟು, ಅರ್ಧ ದಾರಿಯಲ್ಲಿ ತಿರುಗಿ ಅಷ್ಟೇ ಬಲದಿಂದ ವೇಗ ತಗ್ಗಿಸಿದರೂ 15 ಕೋಟಿ ಕಿಲೋಮೀಟರ್ ಕ್ರಮಿಸಲು ಹತ್ತಿರಹತ್ತಿರ ಮೂರು ದಿನ ಹಿಡಿಯುತ್ತದೆ. ಸೋಲುವ ಹೊತ್ತಿಗೆ ಸರಿಯಾಗಿ ಮಿತ್ರನೌಕೆ ಪ್ರತ್ಯಕ್ಷವಾಗುವುದನ್ನು ತಡೆಯಲು ಎಲ್ಲರಿಗೂ ಕಾಣುವಂತೆ ಒಂದು ಪಟ್ಟಿ ಪಿನ್ ಮಾಡಿ: ಹಡಗಿನ ಹೆಸರು, ಈಗಿರುವ ಜಾಗ, ಹೊರಟ ಹೊತ್ತು, ತಲುಪುವ ಹೊತ್ತು.

ಒಪ್ಪಂದಕ್ಕೆ ಬರಲಾಗದಿದ್ದರೆ ದಾಳ ಉರುಳಿಸಿ, ಆದರೆ ಉರುಳಿಸುವ ಮುಂಚೆ ಗೆದ್ದರೆ ಏನು, ಸೋತರೆ ಏನು ಎಂದು ಬರೆದಿಡಿ. ಎಲ್ಲರೆದುರು ಬಾಟ್ (ಚಾಟ್‌ನಲ್ಲೇ ದಾಳ ಉರುಳಿಸುವ ಪ್ರೋಗ್ರಾಂ) ಮೂಲಕವೇ ಉರುಳಿಸಿ. ಆರು ಮುಖದ ಎರಡು ದಾಳಗಳಲ್ಲಿ 10 ಅಥವಾ ಹೆಚ್ಚು ಬಂದರೆ ಪೂರ್ಣ ಗೆಲುವು, 7ರಿಂದ 9 ಬಂದರೆ ಬೆಲೆ ತೆತ್ತು ಗೆಲುವು, 6 ಅಥವಾ ಕಡಿಮೆಗೆ ಸೋಲು ಎಂದಿಟ್ಟುಕೊಂಡರೆ, ಪೂರ್ಣ ಗೆಲುವಿನ ಸಾಧ್ಯತೆ 36ರಲ್ಲಿ 6, ಉಳಿದೆರಡಕ್ಕೂ 15, 15. “ನನ್ನ ಪಾತ್ರ ನುರಿತ ಪೈಲಟ್, ದಾಳದ ಮೊತ್ತಕ್ಕೆ +2 ಕೊಡಿ” ಎಂಬುದು ಚಿಕ್ಕ ಬೇಡಿಕೆಯಂತೆ ಕೇಳುತ್ತದೆ. ಕೊಟ್ಟರೆ ಪೂರ್ಣ ಗೆಲುವು 36ರಲ್ಲಿ 15ಕ್ಕೆ ಏರಿ, ಸೋಲು 6ಕ್ಕೆ ಇಳಿಯುತ್ತದೆ. ಒಂದು ಪಾತ್ರಕ್ಕೆ ಒಂದೇ ವಿದ್ಯೆಯಲ್ಲಿ +2, ಅದಕ್ಕಿಂತ ಹೆಚ್ಚು ಬೇಡ.

ಸರದಿಯಲ್ಲಿ ಅನ್ಯಾಯವಾಗುವುದು ಬಿಡುವು ಇಲ್ಲದವರಿಗೆ. ಇಡೀ ದಿನ ಆನ್‌ಲೈನ್ ಇರುವವರು ಐದು ಪೋಸ್ಟ್ ಹಾಕುವಷ್ಟರಲ್ಲಿ ಕೆಲಸ ಮುಗಿಸಿ ಬಂದವರ ಪಾತ್ರ ಸೆರೆಯಾಗಿರುತ್ತದೆ. ಕದನದಲ್ಲಿ ಒಂದು ಪೋಸ್ಟಿಗೆ ಒಂದು ಮುಖ್ಯ ಕ್ರಿಯೆ, ಒಂದು ಚಲನೆ. ಬೇರೊಬ್ಬರು ಬರೆಯುವವರೆಗೆ ಎರಡನೆಯದು ಬೇಡ. 48 ಗಂಟೆ ಸದ್ದಿಲ್ಲದಿದ್ದರೆ ಸರದಿ ಮುಂದಕ್ಕೆ ಹೋಗಲಿ, ಆ ಪಾತ್ರ ಮರೆಯಲ್ಲಿ ನಿಂತು ತನ್ನನ್ನು ಕಾಪಾಡಿಕೊಳ್ಳುತ್ತಿದೆ ಎಂದು ಭಾವಿಸಿ. ಆಟಗಾರರು ಇಲ್ಲದಾಗ ಅವರ ಪಾತ್ರವನ್ನು ಕೊಲ್ಲುವಂತಿಲ್ಲ, ದೋಚುವಂತಿಲ್ಲ.

ಸಾವು, ಅಂಗಹಾನಿ, ಮನೋನಿಯಂತ್ರಣ, ದೀರ್ಘ ಸೆರೆ: ಇವಕ್ಕೆ ಆಟದ ಹೊರಗೆ, ಅಂದರೆ ಓಓಸಿಯಲ್ಲಿ, ಮೊದಲೇ ಒಪ್ಪಿಗೆ ಪಡೆಯಿರಿ. ಎಷ್ಟು ಪೋಸ್ಟ್ ನಡೆಯಬೇಕು ಎಂಬುದನ್ನೂ ಅಲ್ಲೇ ಗೊತ್ತುಮಾಡಿ. ಯಾರಾದರೂ “ನಿಲ್ಲಿಸಿ” ಎಂದರೆ ದೃಶ್ಯ ಅಲ್ಲಿಗೆ ನಿಂತಿತು, ಕಾರಣ ಕೇಳಬೇಕಿಲ್ಲ. ಗುಂಪಿನಲ್ಲಿ 18ರ ಒಳಗಿನವರಿದ್ದರೆ ಲೈಂಗಿಕ ದೃಶ್ಯಗಳು ಬೇಡವೇ ಬೇಡ.

ತಕರಾರು ಬಂದರೆ ಪಾತ್ರದ ಬಾಯಿಂದ ಬೈಸಬೇಡಿ. ತಕರಾರಿನ ವಾಕ್ಯವನ್ನು ಓಓಸಿಯಲ್ಲಿ ಎತ್ತಿ ತೋರಿಸಿ, ಬದಲಿಗೆ ಯಾವ ವಾಕ್ಯ ಆಗಬಹುದು ಎಂದು ನೀವೇ ಸೂಚಿಸಿ. ಒಂದು ದಿನದಲ್ಲಿ ಬಗೆಹರಿಯದಿದ್ದರೆ, ಆ ದೃಶ್ಯದಲ್ಲಿ ತನ್ನ ಪಾತ್ರವಿಲ್ಲದ ಮಾಡರೇಟರ್ ತೀರ್ಮಾನಿಸಲಿ. ಕೊನೆಯ ಪೋಸ್ಟನ್ನು ತಿದ್ದುವುದು ಸುಲಭ. ಆಗಲೇ ಮೂವರು ಅದಕ್ಕೆ ಉತ್ತರ ಬರೆದಿದ್ದರೆ ಹಾಗೇ ಬಿಟ್ಟು, ಮುಂದಿನ ಕಥೆಯಲ್ಲಿ ಸರಿದೂಗಿಸಿ. ಯಾರಾದರೂ ಉತ್ತರಿಸಿದ ಮೇಲೆ ನಿಮ್ಮ ಪೋಸ್ಟಿನಲ್ಲಿ ಕಾಗುಣಿತವಲ್ಲದೆ ಬೇರೇನನ್ನೂ ಸದ್ದಿಲ್ಲದೆ ಬದಲಿಸಬೇಡಿ.

ಒಬ್ಬರಿಗೇ ಎರಡು ಪಾತ್ರಗಳಿದ್ದರೆ ಅದು ಎಲ್ಲರಿಗೂ ತಿಳಿದಿರಲಿ. ಅವೆರಡೂ ಒಂದೇ ಕದನದಲ್ಲಿ ಇಳಿಯಬಾರದು, ಒಂದಕ್ಕೊಂದು ಹಣ, ಆಯುಧ, ಗುಟ್ಟು ದಾಟಿಸಬಾರದು, ಹಡಗಿನ ಮಂಡಳಿಯಲ್ಲಿ ಮತಕ್ಕೆ ಹಾಕಿದಾಗ ಎರಡಕ್ಕೂ ಸೇರಿ ಒಂದೇ ಮತ.