ಫ್ರ್ಯಾಂಟಿಕ್ಲಿ ಅಂದರೆ ಬರೀ ಬೇಗ ಬೇಗ ಅಲ್ಲ

ಪರೀಕ್ಷೆಗೆ ಓದುತ್ತಿರುವವರೇ, ಫ್ರ್ಯಾಂಟಿಕ್ಲಿ (frantically) ಅನ್ನುವ ಈ ಇಂಗ್ಲಿಷ್ ಪದವನ್ನು ಸುಮ್ನೆ "ವೇಗವಾಗಿ" ಅಂತ ಬರೆದುಕೊಳ್ಳಬೇಡಿ. ಇದರಲ್ಲಿ ಗಾಬರಿಯೂ ಇರಬೇಕು.

ದಾವಣಗೆರೆಯ ಬೆಣ್ಣೆದೋಸೆ ಹೋಟೆಲ್‌ನಲ್ಲಿ ಭಟ್ಟರು ಕಾವಲಿ ಮೇಲೆ ಸಾಲಾಗಿ ಹಿಟ್ಟು ಹುಯ್ಯುತ್ತಾರೆ, ಬೆಣ್ಣೆ ಹಾಕುತ್ತಾರೆ, ಮಗುಚುತ್ತಾರೆ. ಕೈ ಓಡುತ್ತದೆ, ಮುಖ ಶಾಂತ. ಅದು ಕ್ವಿಕ್ಲಿ. ಮೊನ್ನೆ ಇಲ್ಲಿನ ರೈಲ್ವೆ ಸ್ಟೇಷನ್‌ನಲ್ಲಿ ಗಾಡಿ ಬಂದು ನಿಂತಿತ್ತು. ನನ್ನ ಟಿಕೆಟ್ ಸಿಗಲಿಲ್ಲ. ಬ್ಯಾಗನ್ನೇ ಪ್ಲಾಟ್‌ಫಾರ್ಮ್ ಮೇಲೆ ಸುರಿದು, ನೋಡಿದ ಜೇಬನ್ನೇ ಮತ್ತೆ ಮತ್ತೆ ತಡಕಾಡಿದೆ. ಅದೇ ನೋಡಿ, "ಐ ಸರ್ಚ್ಡ್ ಫ್ರ್ಯಾಂಟಿಕ್ಲಿ". ನಮ್ಮ "ದಿಕ್ಕೆಟ್ಟು", "ತಲೆ ಕೆಟ್ಟವರ ಹಾಗೆ" ಇದಕ್ಕೆ ಹತ್ತಿರ, ಅಲ್ವಾ? ಪದದ ಮೂಲ ಗ್ರೀಕ್, ಅಲ್ಲೂ ತಲೆ ಕೆಡುವ ಕಾಯಿಲೆಯದೇ ಅರ್ಥ.

ಸ್ಪೆಲಿಂಗ್‌ನಲ್ಲಿ ಜಾಸ್ತಿ ಜನ ಎಡವುತ್ತಾರೆ. ಫ್ರ್ಯಾಂಟಿಕ್ ಆದ ಮೇಲೆ ಎ, ಎಲ್, ಎಲ್, ವೈ ಬರೆಯಿರಿ. ಆ ಎ ಉಚ್ಚಾರದಲ್ಲಿ ಕೇಳಿಸುವುದಿಲ್ಲ.